ಲ್ಯಾಪ್‌ಟಾಪಿಗೆ ಎರಡು ಮಾನಿಟರ್ ಬೇಕಾದರೆ ಸ್ಪ್ಲಿಟರ್ ತರಬೇಡಿ

ಒಂದು ಪರದೆಯಲ್ಲಿ ಮಲಯಾಳ ಆದೇಶ, ಇನ್ನೊಂದರಲ್ಲಿ ಕನ್ನಡ ಅನುವಾದ, ಲ್ಯಾಪ್‌ಟಾಪಿನಲ್ಲಿ ಇರುವುದು ಮಾನಿಟರ್ ಜೋಡಿಸುವ ಒಂದೇ ಎಚ್‌ಡಿಎಂಐ ಪೋರ್ಟ್. ಯಾವ ಸ್ಪ್ಲಿಟರ್ ಒಳ್ಳೆಯದು ಎಂದು ಕೇಳಿದ್ದೀರಿ. ಕಾಸರಗೋಡಿನಲ್ಲಿ ಕೂತು ನಾನು ಮಾಡುವುದೂ ಇದೇ ಕೆಲಸ. ಯಾವ ಸ್ಪ್ಲಿಟರೂ ಬೇಡ.

ಹೆಚ್ಚಿನವರ ಹಣ ಹೋಗುವುದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಎಚ್‌ಡಿಎಂಐ ಪೋರ್ಟಿನಿಂದ ಹೊರಬರುವುದು ಒಂದೇ ಚಿತ್ರ. ಸ್ಪ್ಲಿಟರ್ ಅದನ್ನೇ ನಕಲು ಮಾಡಿ ಎರಡು ಕಡೆ ಕಳಿಸುತ್ತದೆ. ಮದುವೆ ಹಾಲಿನ ಮಂಟಪದ ದೃಶ್ಯವನ್ನು ಊಟದ ಹಾಲಿನ ಟಿವಿಗೂ ಕೊಡಲು ಅದು ಸರಿ. ಆದರೆ ಅದರಾಚೆ ಎರಡು ಮಾನಿಟರ್ ಇವೆ ಎಂಬುದು ವಿಂಡೋಸ್‌ಗೆ ಗೊತ್ತೇ ಆಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದೇ ಕಾಣುತ್ತದೆ. ಎಷ್ಟು ದುಬಾರಿಯದ್ದು ತಂದರೂ ಎರಡರಲ್ಲೂ ಅದೇ ಆದೇಶ, ಅದೇ ಪುಟ. ಎರಡು ಎಚ್‌ಡಿಎಂಐ ಇರುವ ಟೈಪ್-ಸಿ ಹಬ್ ಬೇರೆ ವಸ್ತು. ಅದು ಸಾಮಾನ್ಯವಾಗಿ ಒಂದೇ ಪೋರ್ಟಿನಿಂದ ಹಲವು ಚಿತ್ರ ಕಳಿಸುವ ಎಂಎಸ್‌ಟಿ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತದೆ. ವಿಂಡೋಸ್‌ನಲ್ಲಿ ಎರಡು ಬೇರೆ ಚಿತ್ರ ಬರುತ್ತವೆ. ಮ್ಯಾಕ್‌ನಲ್ಲಿ ಅದೇ ಹಬ್ ಹಾಕಿದರೆ ಎರಡೂ ಮಾನಿಟರಿನಲ್ಲಿ ಒಂದೇ ಚಿತ್ರ.

ಈಗ ನಿಮ್ಮ ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟಿನ ಪಕ್ಕ ನೋಡಿ. ಮಿಂಚಿನ ಗುರುತು (ಥಂಡರ್‌ಬೋಲ್ಟ್) ಅಥವಾ ಡಿಸ್‌ಪ್ಲೇಪೋರ್ಟಿನ ಡಿ ಆಕಾರದ ಗುರುತು ಇದ್ದರೆ ಚಿತ್ರ ಬರುತ್ತದೆ. ಗುರುತು ಇಲ್ಲದಿದ್ದರೆ ತಯಾರಕರ ವಿವರಪಟ್ಟಿಯಲ್ಲಿ ಟೈಪ್-ಸಿ ಎದುರು ‘ಡಿಸ್‌ಪ್ಲೇಪೋರ್ಟ್’ ಎಂದಿದೆಯೇ ನೋಡಿ. ಚಾರ್ಜ್ ಆಗುತ್ತದೆ ಎಂದ ಮಾತ್ರಕ್ಕೆ ಚಿತ್ರವೂ ಬರಬೇಕೆಂದಿಲ್ಲ. ಬರುವುದಾದರೆ ಮೊದಲ ಮಾನಿಟರ್ ಎಚ್‌ಡಿಎಂಐಗೆ, ಎರಡನೆಯದು ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್‌ಗೆ. ಕೆಲಸ ಮುಗಿಯಿತು.

ಟೈಪ್-ಸಿಯಲ್ಲಿ ಚಿತ್ರ ಬರದಿದ್ದರೆ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಯುಎಸ್‌ಬಿ 3.0 ಅಡಾಪ್ಟರ್. ಇದು ಚಿತ್ರವನ್ನು ಕುಗ್ಗಿಸಿ ಡೇಟಾದಂತೆ ಕಳಿಸುತ್ತದೆ. ಡ್ರೈವರ್ ಹಾಕಲೇಬೇಕು, ಪ್ರೊಸೆಸರ್‌ಗೆ ಸ್ವಲ್ಪ ಭಾರ. ಟೈಪಿಂಗ್‌ಗೆ ಏನೂ ತೊಂದರೆ ಇಲ್ಲ, ವಿಡಿಯೋ ಎಡಿಟಿಂಗ್‌ಗೆ ಬೇಡ.

ಆದರೆ ಅನುವಾದಕ್ಕೆ ಎರಡು ಹೊಸ ಮಾನಿಟರ್ ಬೇಕೇ? ಬೇಡ ಎನ್ನುತ್ತೇನೆ. 24 ಇಂಚಿನದ್ದು ಒಂದೇ ತಂದು, ಉದ್ದನೆಯ ಬದಿ ಎತ್ತರಕ್ಕೆ ಬರುವಂತೆ ತಿರುಗಿಸಿ ನೆಟ್ಟಗೆ ನಿಲ್ಲಿಸಿ. ಅದರ ಪರದೆ ಸುಮಾರು 53 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ ಆಗುತ್ತದೆ. 29.7 ಸೆಂ.ಮೀ. ಉದ್ದದ ಎ4 ಪುಟ ಕಾಗದಕ್ಕಿಂತ ದೊಡ್ಡದಾಗಿ, ಪೂರ್ತಿ ಕಾಣುತ್ತದೆ. ಸ್ಕ್ರೋಲ್ ಮಾಡುತ್ತಾ ಸಾಲು ತಪ್ಪುವುದಿಲ್ಲ. ಕನ್ನಡ ಲ್ಯಾಪ್‌ಟಾಪಿನ ಪರದೆಯಲ್ಲೇ ಇರಲಿ. ಖರೀದಿಸುವಾಗ ಸ್ಟ್ಯಾಂಡ್ ತಿರುಗುತ್ತದೆಯೇ, ಇಲ್ಲವಾದರೆ ಬೇರೆ ಸ್ಟ್ಯಾಂಡ್ ಜೋಡಿಸಲು ಹಿಂದೆ ವೇಸಾ 100 × 100 ಮಿ.ಮೀ. ತೂತುಗಳಿವೆಯೇ ನೋಡಿ. ಪರದೆ ಬದಿಯಿಂದ ನೋಡಿದರೂ ಸ್ಪಷ್ಟವಾಗಿರುವ ಐಪಿಎಸ್ ಪ್ಯಾನೆಲ್ ಆಗಿರಬೇಕು. ಟಿಎನ್ ಪ್ಯಾನೆಲ್ ನೆಟ್ಟಗೆ ನಿಲ್ಲಿಸಿದರೆ ಒಂದು ಬದಿ ಮಸುಕಾಗಿ ಕಣ್ಣು ನೋಯುತ್ತದೆ. ಮನೆಯಲ್ಲಿರುವ ಹಳೆಯ ವಿಜಿಎ ಮಾನಿಟರನ್ನು ಕನ್ವರ್ಟರ್ ಹಾಕಿ ಬಳಸಬಹುದು, ಆದರೆ ಒತ್ತಕ್ಷರಗಳ ಅಂಚು ಮಸುಕಾಗುತ್ತದೆ. ದಿನವಿಡೀ ಓದುವವರಿಗೆ ಅದು ಬೇಡವೇ ಬೇಡ.

ಜೋಡಿಸಿದ ಮೇಲೆ ವಿಂಡೋಸ್ ಕೀ ಮತ್ತು ಪಿ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಓರಿಯೆಂಟೇಶನ್ ‘ಪೋರ್ಟ್ರೇಟ್’ ಮಾಡಿ, ಮೇಜಿನ ಮೇಲೆ ಮಾನಿಟರ್ ಇರುವ ಬದಿಗೇ ಅದರ ಚೌಕವನ್ನು ಎಳೆಯಿರಿ. ಎರಡು ಪರದೆಗಳ ಸ್ಕೇಲ್ (ಅಕ್ಷರಗಳನ್ನು ಹಿಗ್ಗಿಸುವ ಪ್ರಮಾಣ) ಬೇರೆ ಬೇರೆ ಇದ್ದರೆ ಪೇಜ್‌ಮೇಕರ್‌ನಂಥ ಹಳೆಯ ಸಾಫ್ಟ್‌ವೇರ್‌ಗಳು ಮಸುಕಾಗುತ್ತವೆ. ಆಗ ಆ ಸಾಫ್ಟ್‌ವೇರ್ ಐಕಾನಿನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್ಸ್‌ಗೆ ಹೋಗಿ ಓವರ್‌ರೈಡ್ ಗುರುತು ಹಾಕಿ, ‘ಅಪ್ಲಿಕೇಶನ್’ ಆರಿಸಿ.

ಇನ್ನು ನಮ್ಮ ಕಡೆಯ ಗುಡುಗು. ಲ್ಯಾಪ್‌ಟಾಪ್ ಚಾರ್ಜರ್, ಮಾನಿಟರ್ ಎರಡೂ ಅರ್ಥಿಂಗ್ ಸರಿ ಇರುವ ಒಂದೇ ಬೋರ್ಡಿನಲ್ಲಿರಲಿ. ತುಲಾವರ್ಷದ (ಹಿಂಗಾರು ಮಳೆಯ) ಸಂಜೆ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ, ಎಚ್‌ಡಿಎಂಐ ಮತ್ತು ನೆಟ್ ಕೇಬಲ್ ಕೂಡ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು: ಸಿಡಿಲಿನ ವಿದ್ಯುತ್ ನೆಟ್ ಕೇಬಲಿನಿಂದಲೂ ಬರುತ್ತದೆ, ಒಂದಕ್ಕೆ ಬಡಿದರೆ ಎಚ್‌ಡಿಎಂಐ ಮೂಲಕ ಇನ್ನೊಂದಕ್ಕೂ ದಾಟಿ ಪೋರ್ಟ್ ಸುಡುತ್ತದೆ.