ಮೊದಲ ಗಂಡನ ಮಗನಿಗೆ ಈಗಿನ ಗಂಡನ ಇನಿಷಿಯಲ್ ಹಾಕಿಸಲು ಅಫಿಡವಿಟ್ ಸಾಕೇ?

ನೀವು ಕೇಳಿರುವುದು ಇಷ್ಟು: ಮಂಡ್ಯದ ಮೊದಲ ಗಂಡ ತೀರಿಕೊಂಡಿದ್ದಾರೆ, ಮೈಸೂರಿನವರೊಬ್ಬರನ್ನು ಮರುಮದುವೆಯಾಗಿದ್ದೀರಿ, ಆರನೇ ಕ್ಲಾಸಿನ ಮಗನಿಗೆ ಈಗಿನ ಯಜಮಾನರ ಇನಿಷಿಯಲ್ ಬರಬೇಕು, ನೋಟರಿ ಅಫಿಡವಿಟ್ ಸಾಕೇ ಅಂತ.

ಇನಿಷಿಯಲ್ ಒಂದೇ ಆದರೆ ಅಫಿಡವಿಟ್, ಪತ್ರಿಕೆ ಜಾಹೀರಾತು, ಗೆಜೆಟ್ ಪ್ರಕಟಣೆ ಎಂಬ ದಾರಿ ಇದೆ. ಅದರಿಂದ ‘ತಂದೆಯ ಹೆಸರು’ ಕಾಲಂ ಮಾತ್ರ ಬದಲಾಗಲ್ಲ. ನಮ್ಮ ಕಡೆ ಬಹಳ ಜನಕ್ಕೆ ಮನೆತನದ ಹೆಸರೇ ಇಲ್ಲ. ಇನಿಷಿಯಲ್ ಅಂದರೆ ಊರು, ಅಪ್ಪ. ಅಕ್ಷರ ಒಬ್ಬರದು, ಕಾಲಂನಲ್ಲಿ ಇನ್ನೊಬ್ಬರು ಅಂತಾದರೆ ಪಾಸ್‌ಪೋರ್ಟ್‌ಗೆ ಇನಿಷಿಯಲ್ ಬಿಡಿಸಿ ಬರೆಯುವ ದಿನ ತಕರಾರು ಶುರು. ಕಾಲಂ ಬದಲಾಗಬೇಕಾದರೆ ದತ್ತು ಆಗಬೇಕು.

ದತ್ತು ಕೊಡುವ ಹಕ್ಕು ನಿಮಗಿದೆ. ತಂದೆ ಇಲ್ಲದ ಮೇಲೆ ತಾಯಿಯೇ ಸಹಜ ಪೋಷಕಿ, ಹೆಸರನ್ನೂ ಅವಳೇ ತೀರ್ಮಾನಿಸಬಹುದು ಎಂದು ಅಕೆಲ್ಲಾ ಲಲಿತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಜುಲೈ 28ರಂದು ಹೇಳಿದೆ. ದಾಖಲೆಗಳಲ್ಲಿ ‘ಮಲತಂದೆ’ ಎಂದು ನಮೂದಿಸಿ ಅಂದಿದ್ದ ಹೈಕೋರ್ಟ್ ನಿರ್ದೇಶನವನ್ನು ಅದು ಕಟುವಾಗಿಯೇ ತಳ್ಳಿಹಾಕಿತು. ಆ ತೀರ್ಪಿನ ಪ್ರತಿ ಫೈಲಿನಲ್ಲಿರಲಿ.

1956ರ ಹಿಂದೂ ದತ್ತಕ ಕಾಯ್ದೆಯಡಿ ಹೋಗುವುದಾದರೆ ಹುಡುಗನಿಗೆ 15 ತುಂಬಿರಬಾರದು, ದತ್ತು ತೆಗೆದುಕೊಳ್ಳುವವರಿಗೆ ಗಂಡು ಮಗ ಇರಬಾರದು. ಅಂದರೆ ನಿಮ್ಮಿಬ್ಬರಿಗೆ ಈಗಾಗಲೇ ಗಂಡು ಹುಟ್ಟಿದ್ದರೂ ಈ ಬಾಗಿಲು ಮುಚ್ಚಿತು. ಜನ ಎಡವುವುದು ಇಲ್ಲೇ. ಆಗ ಬಾಲನ್ಯಾಯ ಕಾಯ್ದೆಯೇ ಗತಿ: ದತ್ತಿಗಾಗಿ ಇರುವ ಕೇಂದ್ರ ಸರ್ಕಾರದ ಕೇರಿಂಗ್ಸ್ ಪೋರ್ಟಲ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ನೋಂದಾಯಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಹೋಗಬೇಕು. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡುವವರು ಕೋರ್ಟಲ್ಲ, ಜಿಲ್ಲಾಧಿಕಾರಿ.

1956ರ ಕಾಯ್ದೆಯ ದಾರಿ ಹಿಡಿದರೆ ದತ್ತಕ ಪತ್ರವನ್ನು ನೋಟರಿ ಮಾಡಿಸಿ ಸುಮ್ಮನಾಗಬೇಡಿ. ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಕೊಡುವವರಾಗಿ ನಿಮ್ಮ ಸಹಿ, ತೆಗೆದುಕೊಳ್ಳುವವರಾಗಿ ಅವರ ಸಹಿ ಎರಡೂ ಇದ್ದು ನೋಂದಣಿಯಾದರೆ, ಸುಳ್ಳೆಂದು ಯಾರಾದರೂ ಸಾಬೀತು ಮಾಡುವವರೆಗೆ ಕೋರ್ಟ್ ಆ ದತ್ತನ್ನು ಸರಿ ಎಂದೇ ಭಾವಿಸುತ್ತದೆ. ಮಗುವನ್ನು ಕೊಟ್ಟಿದ್ದು, ತೆಗೆದುಕೊಂಡಿದ್ದು ಯಾವ ದಿನ, ಎಲ್ಲಿ ನಡೆಯಿತು ಅನ್ನುವುದನ್ನು ಪತ್ರದಲ್ಲಿ ಬಿಡಿಸಿ ಬರೆಸಿ. ಹೋಮ ಕಡ್ಡಾಯವಲ್ಲ.

ಇದಕ್ಕೂ ಮುಂಚೆ ಜಮೀನಿನ ವಿಚಾರ. ದತ್ತು ಆದ ದಿನವೇ ಹುಡುಗ ಹುಟ್ಟಿದ ಮನೆಯಿಂದ ಕಾನೂನಿನಲ್ಲಿ ಕಡಿದುಹೋಗುತ್ತಾನೆ. ಅಪ್ಪ ತೀರಿಕೊಂಡಾಗ ಅವರ ಸ್ವಂತ ಗದ್ದೆಯಲ್ಲಿ ಬಂದ ಪಾಲು ಅವನದೇ ಆಗಿ ಉಳಿಯುತ್ತದೆ, ಆದರೆ ಪಹಣಿಯಲ್ಲಿ ಇನ್ನೂ ಸತ್ತವರ ಹೆಸರೇ ಇದ್ದರೆ ಮೊದಲು ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ. ಮಗನ ಹೆಸರು ಹಳೇ ಇನಿಷಿಯಲ್‌ನಲ್ಲೇ ಪಹಣಿಗೆ ಬರಲಿ. ತಾತ ಬದುಕಿದ್ದು, ಅವರ ಸ್ವಯಾರ್ಜಿತ ಜಮೀನು ಇದ್ದರೆ ಲೆಕ್ಕ ಬೇರೆ. ಅವರು ವಿಲ್ ಮಾಡದೆ ತೀರಿಕೊಂಡರೆ ಮೊಮ್ಮಗನಾಗಿ ಸಿಗಬೇಕಿದ್ದ ಪಾಲು ದತ್ತಿನಿಂದ ತಪ್ಪುತ್ತದೆ. ಅಂಥ ಕಡೆ ಬರೀ ಇನಿಷಿಯಲ್ ಬದಲಿಸಿ, ಅಪ್ಪನ ಕಾಲಂ ಮುಟ್ಟದಿರುವುದೇ ಜಾಣತನ ಅನ್ನುತ್ತೇನೆ. ಎರಡೆಕರೆ ನಾಲಾ ಬಯಲಿನ ಗದ್ದೆ ಒಂದು ಅಕ್ಷರಕ್ಕಿಂತ ದೊಡ್ಡದು.

ದತ್ತಕ ಪತ್ರ ಕೈಗೆ ಬಂದ ಮೇಲೆ ಮೊದಲು ಬದಲಿಸಬೇಕಾದ್ದು ಜನನ ಪ್ರಮಾಣಪತ್ರ, ಆಮೇಲೆ ಆಧಾರ್, ಆಮೇಲೆ ಶಾಲೆ. ಸುಲಭ ಅಂತ ಆಧಾರ್‌ನಿಂದ ಶುರು ಮಾಡಿದರೆ ಶಾಲೆಯ ಸ್ಯಾಟ್ಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ ವ್ಯವಸ್ಥೆ) ದಾಖಲೆಗೂ ಅದಕ್ಕೂ ತಾಳೆಯಾಗಲ್ಲ, ಮೇಲಾಗಿ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಜನನ ದಾಖಲೆ ಇರುವುದು ಹುಟ್ಟಿದ ಕಡೆ. ಹೆರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಾಗಿದ್ದರೆ ಮಂಡ್ಯ ನಗರಸಭೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಜನನ ನೋಂದಣಿ ಕಚೇರಿಯವರು ‘ಆಗಲ್ಲ, ಕೋರ್ಟ್ ಆದೇಶ ತನ್ನಿ’ ಅಂದರೆ ವಾದ ಮಾಡಬೇಡಿ, ಲಿಖಿತ ಹಿಂಬರಹ ಕೇಳಿ. ಹಿಂಬರಹ ಇದ್ದರೆ ವಕೀಲರು ಹೈಕೋರ್ಟ್‌ಗೆ ಹೋಗಬಹುದು, ಬಾಯಿಮಾತಿನ ‘ಇಲ್ಲ’ ಇಟ್ಟುಕೊಂಡು ಏನೂ ಆಗಲ್ಲ. ಶಾಲೆಯಲ್ಲಿ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಟ್ಟು ಬಿಇಒ ಕಚೇರಿವರೆಗೂ ಬೆನ್ನು ಹತ್ತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ಕೆಲಸ ದುಪ್ಪಟ್ಟು.

ವಿಚ್ಛೇದನ ಆಗಿ ಹೆತ್ತ ತಂದೆ ಬದುಕಿರುವವರು ಇದನ್ನೇ ನಕಲು ಮಾಡಬೇಡಿ. ಅಲ್ಲಿ ದತ್ತಿಗೆ ಅವರ ಒಪ್ಪಿಗೆ ಬೇಕು, ಮಗುವಿನ ಸುಪರ್ದಿ ಕೇಸು ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಕೇರಿಂಗ್ಸ್ ಅರ್ಜಿಯೂ ಮುಂದೆ ಹೋಗಲ್ಲ.