ಹೊಸ ಬಾತುಕೋಳಿ ಬಂದಾಗ

ಪ್ರಶ್ನೆ: ನಮ್ಮ ಹಿತ್ತಲಲ್ಲಿ 4 ಬಾತುಕೋಳಿಗಳಿವೆ. ಮೊನ್ನೆ ಸಂತೆಯಿಂದ ಇನ್ನೊಂದು ಹೆಣ್ಣು ತಂದೆ. ಉಳಿದವು ಅದನ್ನು ಕುಕ್ಕಿ ಓಡಿಸುತ್ತಿವೆ. ಏನು ಮಾಡಲಿ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಇವತ್ತೇ ಅದನ್ನು ಬೇರೆ ಇಡಿ. ಸಂತೆಯ ಹಕ್ಕಿ ರೋಗ ತಂದಿರಬಹುದು. 3 ವಾರ ದೂರವೇ ಇರಲಿ, ನೀರಿನ ಪಾತ್ರೆಯೂ ಬೇರೆ. ಆಮೇಲೆ ಒಂದು ವಾರ ನಡುವೆ ಜಾಲರಿ ಕಟ್ಟಿ. ನೋಡಿ ನೋಡಿ ಅಭ್ಯಾಸವಾಗುತ್ತದೆ. ನಾನೊಮ್ಮೆ ಅವಸರ ಮಾಡಿ ಮೊದಲ ರಾತ್ರಿಯೇ ಗೂಡಿಗೆ ಸೇರಿಸಿದ್ದೆ. ಬೆಳಿಗ್ಗೆ ನೋಡಿದರೆ, ಪಾಪ, ಕತ್ತಿನಲ್ಲಿ ಪುಕ್ಕವೇ ಇರಲಿಲ್ಲ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಹಾಗಾಗಿ ಒಟ್ಟಿಗೆ ಸೇರಿಸುವಾಗ ಬಯಲಲ್ಲೇ ಬಿಡಿ, ಇಕ್ಕಟ್ಟಿನ ಗೂಡಲ್ಲಿ ಬೇಡ. ಆಹಾರ ಎರಡು ಕಡೆ ಇಡಿ. ತಲೆ ಮುಳುಗುವಷ್ಟು ನೀರೂ ಬೇಕು. ಸ್ವಲ್ಪ ಕುಕ್ಕಿದರೆ ಸುಮ್ನೆ ಬಿಡಿ, ರಕ್ತ ಬಂದರೆ ಮಾತ್ರ ಬೇರೆ ಮಾಡಿ. ಅಂದ ಹಾಗೆ, ನಿಮ್ಮಲ್ಲಿ ಗಂಡು ಎಷ್ಟಿವೆ? ಎರಡಿದ್ದರೆ ಜಾಸ್ತಿಯಾಯಿತು. 4-5 ಹೆಣ್ಣಿಗೆ ಒಂದು ಸಾಕು.