ಏಕಾದಶಿಯ ಹಸಿವು ಮಿದುಳಿಗೆ ತಲುಪುವುದೇ?

ಪ್ರಶ್ನೆ: ನಾನು ಹಲವು ವರ್ಷಗಳಿಂದ ಏಕಾದಶಿ ಮಾಡುತ್ತಿದ್ದೇನೆ, ಮಧ್ಯಾಹ್ನ ಅವಲಕ್ಕಿ, ರಾತ್ರಿ ಬಾಳೆಹಣ್ಣು. ಮಗ ದಿನವೂ ಹದಿನಾರು ಗಂಟೆ ಏನೂ ತಿನ್ನದೆ ಇರುತ್ತಾನೆ, ಇದರಿಂದ ಮಿದುಳಿನ ಜೀನ್‌ಗಳೇ ಬದಲಾಗುತ್ತವೆ ಎನ್ನುತ್ತಾನೆ. ಇದು ನಿಜವೇ? ನನಗೆ ಸಕ್ಕರೆ ಕಾಯಿಲೆಯಿದ್ದು, ಮಾತ್ರೆ ತೆಗೆದುಕೊಳ್ಳುತ್ತೇನೆ.
- ಓದುಗರೊಬ್ಬರು, ಉಡುಪಿ

ಉತ್ತರ: ತಂದೆತಾಯಿಯಿಂದ ಬಂದ ಜೀನ್‌ಗಳು ಉಪವಾಸದಿಂದ ಬದಲಾಗುವುದಿಲ್ಲ. ಅವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಬೇಕೆಂಬ ನಿಯಂತ್ರಣ ಬದಲಾಗಬಹುದು; ನಿಮ್ಮ ಮಗನ ಮಾತಿನಲ್ಲಿ ಅಷ್ಟರ ಮಟ್ಟಿಗೆ ಸತ್ಯವಿದೆ.

ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ತಾನೇ ಬಳಸುತ್ತದೆ, ಅದೂ ಹೆಚ್ಚಾಗಿ ಗ್ಲೂಕೋಸಿನಿಂದ. ಊಟ ನಿಂತು ಯಕೃತ್ತು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಗ್ಲೂಕೋಸಿನ ದಾಸ್ತಾನು ಕರಗಿದ ಮೇಲೆ, ಅಂದರೆ ವ್ಯಕ್ತಿಯನ್ನೂ ದುಡಿಮೆಯನ್ನೂ ಅವಲಂಬಿಸಿ 12ರಿಂದ 36 ಗಂಟೆಗಳ ನಡುವೆ, ಯಕೃತ್ತು ಕೊಬ್ಬಿನಿಂದ ಕೀಟೋನ್‌ಗಳನ್ನು ತಯಾರಿಸಿ ರಕ್ತಕ್ಕೆ ಬಿಡತೊಡಗುತ್ತದೆ. ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯರನ್ನು ಪರೀಕ್ಷಿಸಿದ ಅಮೆರಿಕದ ವೈದ್ಯವಿಜ್ಞಾನಿ ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು, ಅಂಥ ಸ್ಥಿತಿಯಲ್ಲಿ ಮಿದುಳಿನ ಮುಖ್ಯ ಇಂಧನ ಗ್ಲೂಕೋಸ್ ಅಲ್ಲ, ಕೀಟೋನ್ ಎಂಬುದನ್ನು 1967ರಲ್ಲಿಯೇ ತೋರಿಸಿದ್ದರು.

ಕುತೂಹಲದ ಸಂಗತಿ ಇದರ ಮುಂದಿನದು. ನಮ್ಮ ಡಿಎನ್‌ಎ, ಲಾಳಿಗೆ ಸುತ್ತಿದ ನೂಲಿನಂತೆ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾದ ಕಡೆ ಜೀನ್ ಸುಮ್ಮನಿರುತ್ತದೆ, ಸಡಿಲವಾದ ಕಡೆ ಕೆಲಸಕ್ಕೆ ತೊಡಗುತ್ತದೆ. ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಎಂಬ ಕೀಟೋನ್, ಈ ಸುತ್ತನ್ನು ಬಿಗಿಗೊಳಿಸುವ ಕೆಲವು ಕಿಣ್ವಗಳನ್ನು ತಡೆಯುತ್ತದೆ ಎಂದು 2013ರಲ್ಲಿ ಕಂಡುಬಂತು. ನರಕೋಶಗಳ ಉಳಿವಿಗೂ ನೆನಪಿಗೂ ಬೇಕಾದ ಬಿಡಿಎನ್‌ಎಫ್ ಎಂಬ ಪ್ರೋಟೀನಿನ ಜೀನ್ ಇದೇ ದಾರಿಯಲ್ಲಿ ಚುರುಕಾಗುವುದನ್ನು ಇಲಿಗಳಲ್ಲಿ ನೋಡಿದ್ದಾರೆ. ಕೀಟೋನ್ ಹೀಗೆ ಉರುವಲೂ ಹೌದು, ಸಂದೇಶವೂ ಹೌದು. ಆದರೆ ಪುಟ್ಟ ಇಲಿಗೆ ಒಂದು ದಿನದ ಉಪವಾಸವೆಂದರೆ ಮೈತೂಕವೇ ಗಣನೀಯವಾಗಿ ಇಳಿಯುವಷ್ಟು ದೊಡ್ಡ ಪೆಟ್ಟು. ಆ ಫಲಿತಾಂಶವನ್ನು ಹಾಗೆಯೇ ಮನುಷ್ಯರಿಗೆ ಹೊಂದಿಸುವವರ ಉತ್ಸಾಹ ನನಗೆ ಅತಿಯೆನಿಸುತ್ತದೆ.

ಇನ್ನು ನಿಮ್ಮ ಏಕಾದಶಿ. ದಶಮಿಯ ರಾತ್ರಿ ಎಂಟಕ್ಕೆ ಉಂಡವರು ದ್ವಾದಶಿಯ ಬೆಳಿಗ್ಗೆ ಏಳಕ್ಕೆ ಪಾರಣೆ ಮಾಡಿದರೆ ಲೆಕ್ಕಕ್ಕೆ 35 ಗಂಟೆಯಾಯಿತು. ಆದರೆ ಅವಲಕ್ಕಿ ಎಂದರೆ ಅಕ್ಕಿಯೇ ಅಲ್ಲವೇ? ಅದರ ಪಿಷ್ಟ ಗ್ಲೂಕೋಸಾಗಿ ರಕ್ತಕ್ಕಿಳಿದೊಡನೆ ಇನ್ಸುಲಿನ್ ಏರಿ, ಆಗಷ್ಟೇ ಮೊದಲಾಗಿದ್ದ ಕೀಟೋನ್ ತಯಾರಿಕೆ ತಗ್ಗುತ್ತದೆ. ವ್ರತದ ಫಲದ ಬಗ್ಗೆ ನಾನು ಹೇಳಲಾರೆ. ಕೀಟೋನಿನ ಫಲವಂತೂ ಹೆಚ್ಚು ಸಿಗದು.

ಮಗನನ್ನು ನೋಡಿ ನೀವು ನಿರಾಹಾರಕ್ಕೆ ಇಳಿಯಬೇಡಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಹೊಟ್ಟೆ ಖಾಲಿಯಿದ್ದರೂ ಇನ್ಸುಲಿನ್ ಹೊರಡಿಸುವುದರಿಂದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೀಟೋನ್ ಮಿತಿಮೀರಿ ರಕ್ತವೇ ಆಮ್ಲೀಯವಾಗುವ ಸಂಭವವಿದೆ. ಮುಂದಿನ ಏಕಾದಶಿಗೆ ಮೊದಲೇ ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ, ಆ ದಿನ ಯಾವುದನ್ನು ಬಿಡಬೇಕು, ಯಾವುದನ್ನು ಕಡಿಮೆ ಮಾಡಬೇಕು ಎಂದು ಕೇಳಿಕೊಳ್ಳಿ. ಅಲ್ಲಿಯವರೆಗೆ ಅವಲಕ್ಕಿಯನ್ನು ಬಿಡಬೇಡಿ.